ಹಗೇವಿಗೆ ಇಳಿಸಿದ ಕಂದೀಲು

ಮೊನ್ನೆ ನನ್ನ ಸೊಸೆ ಅಡುಗೆಮನೆಯಲ್ಲಿ ಜೋಳದ ಡ್ರಮ್ಮಿನ ಮುಚ್ಚಳ ತೆಗೆದವಳೇ ಮೂಗು ಮುಚ್ಚಿಕೊಂಡು ಕೂಗಿದಳು: "ಅತ್ತಿ, ಒಂದೀಟ ಇಲ್ಲಿ ಬರ್ರಿ. ಕುಬಟ ವಾಸ ಬರಾಕತ್ತದ. ಜ್ವಾಳ ಖರಾಬ್ ಆಗ್ಯಾವೇನೋ!" ಮಳೆಗಾಲಕ್ಕೆ ಮುಂಚೆ ತುಂಬಿ ಬಿಗಿಯಾಗಿ ಮುಚ್ಚಿಟ್ಟಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮು ಅದು. ನಾನು ಬಗ್ಗಿ ಮೂಗು ಒಡ್ಡಿದೆ. ಜೋಳ ಕೆಟ್ಟಿರಲಿಲ್ಲ. ಗಾಳಿ ಕಾಣದೆ ತಿಂಗಳುಗಟ್ಟಲೆ ಕೂತ ಜೋಳಕ್ಕೆ ಬರುವ ವಾಸನೆ, ಸ್ವಲ್ಪ ಹುಳಿ, ಸ್ವಲ್ಪ ಹಸಿ ಮಣ್ಣು. ಬಿಸಿಲಿಗೆ ಹರವಿದರೆ ಒಂದು ತಾಸಿನಲ್ಲಿ ಹೋಗುತ್ತದೆ. ಅಷ್ಟು ಹೇಳಿ ಹೊರಗೆ ಬಂದು ಕುರ್ಚಿಯ ಮೇಲೆ ಕೂತೆ. ಸೆರಗಿನಿಂದ ಹಣೆ ಒರೆಸಿಕೊಂಡೆ. "ಬಿ.ಪಿ. ಗುಳಿಗಿ ತಗೊಂಡೀರೇನ್ರಿ?" ಎಂದು ಸೊಸೆ ಕೇಳಿದಳು. ತೆಗೆದುಕೊಂಡಿದ್ದೆ.

ನಾನು ಹೆದರುಪುಕ್ಕಲಿ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಮಲಗುವ ಮುಂಚೆ ಗ್ಯಾಸಿನ ಗುಂಡಿ ಬಂದ್ ಆಗಿದೆಯೇ ಎಂದು ಮೂರು ಸಲ ನೋಡುತ್ತೇನೆ. ಮೂರನೆಯ ಸಲ ನೋಡುವಾಗ ನನ್ನ ಕೈಯೇ ತಾಗಿ ಅದು ತೆರೆದುಕೊಂಡಿತೇನೋ ಎಂಬ ಅನುಮಾನ ಬಂದು ನಾಲ್ಕನೆಯ ಸಲ ಹೋಗುತ್ತೇನೆ. ಮಗ ಊರಿಗೆ ಹೋದರೆ ಮುಟ್ಟಿದೆ ಎಂದು ಫೋನ್ ಬರುವವರೆಗೆ ನನ್ನ ಗಂಟಲಲ್ಲಿ ಚಹಾ ಇಳಿಯುವುದಿಲ್ಲ. ಯಾರಾದರೂ ತಮಾಷೆ ಮಾಡಿದರೆ ಎಲ್ಲರಿಗಿಂತ ಕೊನೆಗೆ ನಗುವವಳು ನಾನು. ಹುಟ್ಟುಗುಣವೇನಲ್ಲ. ಒಂಬತ್ತನೆಯ ವಯಸ್ಸಿನವರೆಗೆ ನಾನು ಭಾರೀ ಬಾಯಿಬಡಕಿಯಾಗಿದ್ದೆ. ನಾನು ಏನಂದರೂ ಜನ ನಗುತ್ತಿದ್ದರು. ಆ ವಯಸ್ಸಿನಲ್ಲಿ ಏನಾಯಿತು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೇಳಬೇಕಾದ್ದನ್ನು ಮುಂದೂಡುವ ಚಾಳಿ ನನಗಿದೆ. ನಡುನಡುವೆ ಅಡ್ಡದಾರಿ ಹಿಡಿದರೆ ಸ್ವಲ್ಪ ತಾಳಿಕೊಳ್ಳಿ.

ಆಗ ನಾವು ಸೊಲ್ಲಾಪುರದಲ್ಲಿ, ನವಿ ಪೇಠದ ಹಿಂದಿನ ಓಣಿಯ ಒಂದು ವಾಡೆಯಲ್ಲಿ ಎರಡು ಖೋಲಿ ಬಾಡಿಗೆಗೆ ಹಿಡಿದು ಇದ್ದೆವು. ಅಪ್ಪ ಬಟ್ಟೆ ಅಂಗಡಿಯಲ್ಲಿ ಗಜ ಹಿಡಿದು ಬಟ್ಟೆ ಅಳೆದು ಹರಿದುಕೊಡುವ ಕೆಲಸದಲ್ಲಿದ್ದ. ಸಂಬಳ ಸಣ್ಣದು, ಅವ್ವನ ಉಪಾಯಗಳು ದೊಡ್ಡವು. ಅಂಗಡಿಗೆ ಬರುವ ಬಟ್ಟೆಗಂಟುಗಳಿಗೆ ಕಟ್ಟಿದ ದಾರವನ್ನು ಅಪ್ಪ ಜೇಬಿನಲ್ಲಿ ತುಂಬಿಕೊಂಡು ಬರುತ್ತಿದ್ದ. ಅವ್ವ ಅದನ್ನು ಉಂಡೆ ಸುತ್ತಿ ಇಡುತ್ತಿದ್ದಳು. ಸವೆದ ಸಾಬೂನಿನ ಚೂರುಗಳನ್ನು ಒದ್ದೆ ಮಾಡಿ ಒತ್ತಿ ಹೊಸ ಸಾಬೂನು ಮಾಡುತ್ತಿದ್ದಳು. ಅದಕ್ಕೆ ಮೂರು ಬಣ್ಣ ಇರುತ್ತಿತ್ತು, ನೊರೆ ಮಾತ್ರ ಯಾವ ಬಣ್ಣದ್ದೂ ಬರುತ್ತಿರಲಿಲ್ಲ. ಒಮ್ಮೆ ಕುದಿಸಿದ ಚಹಾಪುಡಿಯನ್ನು ಒಣಗಿಸಿ ಬೇರೆ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಬಂದವರಿಗೆ ಯಾವ ಡಬ್ಬಿಯ ಚಹಾ ಸಿಗುತ್ತದೆ ಎಂಬುದರ ಮೇಲೆ ಅವರ ಯೋಗ್ಯತೆ ನಮಗೆ ಮಕ್ಕಳಿಗೆ ಗೊತ್ತಾಗುತ್ತಿತ್ತು. ಅಪ್ಪನ ಶೇಠಜಿ ಒಮ್ಮೆ ಮನೆಗೆ ಬಂದಾಗ ಗಡಿಬಿಡಿಯಲ್ಲಿ ಎರಡನೆಯ ಡಬ್ಬಿಯ ಚಹಾ ಹೋಗಿಬಿಟ್ಟಿತು. ಅವನು ಕುಡಿದು "ಹಗುರಾಗಿ ಚಲೋ ಅದ" ಎಂದ. ಅಪ್ಪ ಆ ಮಾತನ್ನು ತಿಂಗಳುಗಟ್ಟಲೆ ಆಡಿಕೊಂಡ.

ಆದರೆ ಜೋಳದ ವಿಷಯದಲ್ಲಿ ನಮ್ಮ ಮನೆಯಲ್ಲಿ ತಮಾಷೆ ಇರಲಿಲ್ಲ. ಜೋಳವನ್ನು ನಾವು ಪೇಟೆಯಲ್ಲಿ ಕೊಂಡವರಲ್ಲ. ಕೊಂಡ ಜೋಳದ ರೊಟ್ಟಿ ತಿನ್ನುವುದೆಂದರೆ ಅವ್ವನಿಗೆ ತವರಿಲ್ಲದವಳಾದಷ್ಟು ಸಂಕಟ. ನಮ್ಮ ಜೋಳ ಬರುತ್ತಿದ್ದದ್ದು ಅಕ್ಕಲಕೋಟೆಯ ಆಚೆ ಕರಜಗಿಯಿಂದ. ಅಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಮತ್ತು ಅಪ್ಪನ ತಮ್ಮ ಮಾಳಪ್ಪ ಕಾಕಾ ಹೊಲ ನೋಡಿಕೊಂಡು, ಹತ್ತಿಪ್ಪತ್ತು ಕುರಿ ಸಾಕಿಕೊಂಡು ಇದ್ದರು. ಸುಗ್ಗಿಯಾದ ಮೇಲೆ ಜೋಳವನ್ನು ಹಗೇವಿಗೆ ಹಾಕುತ್ತಿದ್ದರು. ಈಗಿನವರಿಗೆ ಹಗೇವು ಎಂದರೆ ಗೊತ್ತಾಗಲಿಕ್ಕಿಲ್ಲ. ಮನೆಯ ಮುಂದಿನ ಗಟ್ಟಿ ನೆಲದಲ್ಲಿ ತೋಡಿದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಹೊಟ್ಟೆ ಅಗಲ, ಆಳ ಎರಡಾಳು. ಒಳಗೆಲ್ಲ ಒಣಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಮುಟ್ಟುತ್ತಿರಲಿಲ್ಲ. ಹುಳುವಿಗೆ ಅಲ್ಲಿ ಉಸಿರಾಡಲಿಕ್ಕೆ ಗಾಳಿಯೇ ಇರುತ್ತಿರಲಿಲ್ಲ. ಮನುಷ್ಯನಿಗೂ ಇರುತ್ತಿರಲಿಲ್ಲ.

ಅದಕ್ಕೇ ಹಗೇವು ತೆರೆಯುವುದಕ್ಕೆ ಒಂದು ಪದ್ಧತಿ ಇತ್ತು. ಕಲ್ಲು ಸರಿಸಿ ಒಂದು ಇಡೀ ದಿನ ಬಾಯಿ ತೆರೆದು ಬಿಡಬೇಕು. ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟು ಬೀಸಬೇಕು, ಕೆಟ್ಟ ಗಾಳಿ ಹೊರಬರುವಂತೆ. ಆಮೇಲೆ ಹಚ್ಚಿದ ಕಂದೀಲನ್ನು ಹಗ್ಗದಲ್ಲಿ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ಇದು ಕರಜಗಿಯ ಕೂಸಿಗೂ ಗೊತ್ತಿತ್ತು.

ಈಗ ಆಯಿಯ ಕಂದೀಲಿನ ಮಾತು. ಸೊಲ್ಲಾಪುರದಲ್ಲಿ ಅವ್ವ ಮಾಡುತ್ತಿದ್ದ ಉಳಿತಾಯ ಆಯಿಯ ಮುಂದೆ ಏನೂ ಅಲ್ಲ. ಆಯಿ ಕಡ್ಡಿಪೆಟ್ಟಿಗೆ ಕೊಳ್ಳುತ್ತಲೇ ಇರಲಿಲ್ಲ ಎನ್ನಬೇಕು. ಪಕ್ಕದ ಮನೆಯ ಒಲೆಯಿಂದ ಕುಳ್ಳಿನ ತುಂಡಿನ ಮೇಲೆ ಕೆಂಡ ಇಟ್ಟುಕೊಂಡು ಊದುತ್ತ ಬರುತ್ತಿದ್ದಳು. ಕಂದೀಲಿಗೆ ಚಿಮಣಿ ಎಣ್ಣೆಯನ್ನು ಪಳಿ ಎನ್ನುವ ಸಣ್ಣ ಸೌಟಿನಲ್ಲಿ ಅಳೆದು ಹಾಕುತ್ತಿದ್ದಳು, ದಿನಕ್ಕೆ ಒಂದು ಪಳಿ. ನಾವು ಊಟಕ್ಕೆ ಕೂತಾಗ ಹಚ್ಚಿದರೆ ಕೊನೆಯವರು ಕೈ ತೊಳೆಯುವ ಹೊತ್ತಿಗೆ ಅದು ಪಕ್ ಪಕ್ ಎಂದು ಆರುತ್ತಿತ್ತು. ಯಾರಾದರೂ ಇನ್ನೊಂದು ರೊಟ್ಟಿ ಕೇಳಿದರೆ ಆಯಿ ರೊಟ್ಟಿ ಕೊಡುತ್ತಿದ್ದಳು, ಕಂದೀಲಿನ ಕಡೆ ಒಮ್ಮೆ ನೋಡಿ ಕೊಡುತ್ತಿದ್ದಳು. "ನಮ್ಮವ್ವನ ಕಂದೀಲು ನಮಗಿಂತ ಮದಲ ಮಲಗ್ತದ" ಎಂದು ಕಾಕಾ ಹೇಳುತ್ತಿದ್ದ. ಬೇಸಿಗೆ ಸೂಟಿಯಲ್ಲಿ ಕೇಳಿದ ಇಂಥ ಮಾತುಗಳನ್ನು ನಾನು ಸೊಲ್ಲಾಪುರಕ್ಕೆ ತಂದು, ಸಾಲೆಯಲ್ಲಿ ಉಪ್ಪುಖಾರ ಹಚ್ಚಿ ಹೇಳಿ ನಗಿಸುತ್ತಿದ್ದೆ. ಮುಂದಿನ ಸೂಟಿಗೆ ಹೊಸದನ್ನು ಕಟ್ಟಿಕೊಂಡು ಹೋಗಿ ಕಾಕಾನಿಗೆ ಹೇಳುತ್ತಿದ್ದೆ. ಆಯಿ ಸಿಟ್ಟಾಗುತ್ತಿರಲಿಲ್ಲ. ತನ್ನ ಹಿಡಿತದ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ ಇತ್ತು. ಗಂಡ ಸತ್ತ ಮೇಲೆ ಇಬ್ಬರು ಮಕ್ಕಳನ್ನು ಅದೇ ಹಿಡಿತದಿಂದ ಬೆಳೆಸಿದವಳು ಅವಳು.

ಐವತ್ತರ ದಶಕದ ನಡುವಿನ ಮಾತು. ಅಕ್ಕಲಕೋಟೆ, ಸೊಲ್ಲಾಪುರ ಯಾವ ರಾಜ್ಯಕ್ಕೆ ಹೋಗುತ್ತವೆ ಎಂದು ಕಟ್ಟೆಯ ಮೇಲೆ ದೊಡ್ಡವರು ವಾದ ಮಾಡುತ್ತಿದ್ದ ದಿನಗಳು. ನಾನು ಸೂಟಿಗೆಂದು ಕರಜಗಿಯಲ್ಲಿದ್ದೆ. ಮುಂಗಾರಿನ ಮೃಗದ ಮಳೆ ಹತ್ತಿರ ಬಂದಿತ್ತು. ಸೊಲ್ಲಾಪುರದ ಮನೆಯಲ್ಲಿ ಜೋಳ ಮುಗಿಯುತ್ತ ಬಂದಿದೆ, ತಾನು ಇಂಥ ದಿನ ಬೆಳಗಿನ ಎಸ್.ಟಿ. ಬಸ್ಸಿಗೆ ಬರುತ್ತೇನೆ, ಅಂಗಡಿಯಿಂದ ಒಂದೇ ದಿನ ಸೂಟಿ, ಅದೇ ಸಂಜೆ ಚೀಲ ಹಾಕಿಕೊಂಡು ಹೋಗಬೇಕು ಎಂದು ಅಪ್ಪ ಹೇಳಿಕಳಿಸಿದ್ದ. ಹಗೇವಿನ ಕಲ್ಲನ್ನು ಹಿಂದಿನ ದಿನವೇ ತೆಗೆಯಬೇಕಿತ್ತು. ಆದರೆ ಕಾಕಾ ಹಿಂದಿನ ದಿನ ಅಕ್ಕಲಕೋಟೆಗೆ ಹೋಗಿಬಿಟ್ಟಿದ್ದ. ಮದುವೆಯಾಗಿ ಎರಡು ತಿಂಗಳಾಗಿತ್ತು. ಹೊಸ ಕಾಕುವಿಗೆ, ಅಂದರೆ ಅವನ ಹೆಂಡತಿಗೆ, ಬಳೆ ಬೇಕಾಗಿದ್ದವು. ಹೀಗಾಗಿ ಕಲ್ಲು ತೆಗೆದದ್ದು ಅಂದಿನ ನಸುಕಿನಲ್ಲಿ. "ನಿನ್ನೀನೇ ತಗೀಬೇಕಿತ್ತು ಮಾಳಪ್ಪ. ಇದು ಹುಡುಗಾಟಿಕಿ ಅಲ್ಲ" ಎಂದು ಆಯಿ ಮೂರು ಸಲವಾದರೂ ಅಂದಳು. "ಕಂಬಳಿ ಬೀಸ್ತೀನಿ ಬಿಡ ಯವ್ವಾ" ಎಂದ ಕಾಕಾ.

ಅಪ್ಪ ಖಾಲಿ ಚೀಲಗಳನ್ನು ಬಗಲಲ್ಲಿ ಇಟ್ಟುಕೊಂಡು ಬಂದಿಳಿದ. ಕಾಕಾ, ಪಕ್ಕದ ಮನೆಯ ಸಿದ್ರಾಮ ಕಂಬಳಿ ಬೀಸಿದರು. ಆ ಹೊತ್ತಿಗೆ ಪಡಸಾಲೆಯಲ್ಲಿ ಆಯಿ ಕಂದೀಲು ಮುಂದಿಟ್ಟುಕೊಂಡು ಕೂತಳು. "ಬಾ ತಂಗಿ, ಲಾಳಿಕಿ ಹಿಡಿ" ಎಂದು ನನ್ನನ್ನು ಕರೆದಳು. ನಾನು ಕಂದೀಲಿನ ಬಾಯಿಗೆ ಲಾಳಿಕೆ ಹಿಡಿದೆ. ಪಳಿ ಎಲ್ಲಿ ಎಂದು ನೋಡಿದರೆ ಪಳಿ ಇರಲಿಲ್ಲ. ಆಯಿ ಎಣ್ಣೆಯ ಬಾಟಲಿಯನ್ನೇ ಎತ್ತಿ ಬಗ್ಗಿಸಿದಳು. ಎಣ್ಣೆ ಗಟಗಟ ಇಳಿಯಿತು. ನಾನು ಕಣ್ಣರಳಿಸಿ ನೋಡಿದೆ. ಅದು ಕಂದೀಲಿನ ಬಾಯಿಯವರೆಗೆ ಬಂದು, ಉಕ್ಕಿ, ನನ್ನ ಹೆಬ್ಬೆರಳನ್ನು ತೋಯಿಸಿತು. "ಇವತ್ತ ಕೈ ಹಿಡಿಬಾರ್ದು ತಂಗಿ. ಇದು ಜೀವದ ಮಾತು" ಎಂದಳು ಆಯಿ. ತನ್ನ ಸೆರಗಿನಿಂದಲೇ ನನ್ನ ಬೆರಳು ಒರೆಸಿದಳು.

ಇದನ್ನು ನಾನು ಸ್ಪಷ್ಟವಾಗಿ ಹೇಳುತ್ತಿದ್ದೇನೆ. ನನಗೆ ಗೊತ್ತಿತ್ತು.

ಆಯಿ ಹಗ್ಗ ತರಲು ಹಿತ್ತಲಿಗೆ ಹೋದಳು. ಬಾವಿಯ ದಪ್ಪ ಹಗ್ಗವನ್ನೇ ಸೊಂಟಕ್ಕೆ ಕಟ್ಟಬೇಕು ಎಂಬುದು ಅವಳ ಹಟ. ಈ ಕಡೆ ಕಾಕಾ ಕಂದೀಲು ಹಚ್ಚಿ, ಸಣ್ಣ ಹಗ್ಗಕ್ಕೆ ಕಟ್ಟಿ ಮೆಲ್ಲಗೆ ಇಳಿಸಿದ. ನಾವೆಲ್ಲ ಸುತ್ತ ನಿಂತು ಬಗ್ಗಿ ನೋಡಿದೆವು. ಓಣಿಯ ನಾಲ್ಕಾರು ಜನ ಬಂದಿದ್ದರು. ಕಾಕು ಬಾಗಿಲಲ್ಲಿ ಹೊಸ ಬಳೆಯ ಕೈಯನ್ನು ಚೌಕಟ್ಟಿಗೆ ಆನಿಸಿಕೊಂಡು ನಿಂತಿದ್ದಳು. ದೀಪ ಸ್ವಲ್ಪ ದೂರ ಉರಿಯಿತು. ಆಮೇಲೆ ಸಣ್ಣಗಾಗಿ, ನೀಲಿಯಾಗಿ, ಆರಿತು.

ಅಪ್ಪ, "ಗಾಳಿ ಕೆಟ್ಟದೋ ಏನೋ. ಹೊತ್ತಾದ್ರ ಆಗಲಿ, ಸಂಜಿತನಕ ನೋಡೂಣು" ಎಂದ. ನನಗೆ ತಡೆಯಲಾಗಲಿಲ್ಲ. ಅಷ್ಟು ಜನ ನಿಂತಿದ್ದಾರೆ, ಯಾರೂ ನಗುತ್ತಿಲ್ಲ. ನನ್ನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ನಾನು ಅಂದೆ: "ಅದು ಆಯಿ ಕಂದೀಲ ಅದ ಅಪ್ಪಾ! ಅದಕ್ಕ ಎಣ್ಣಿ ಅಂದ್ರ ಏನಂತ ಗೊತ್ತದ? ವಾಸನಿ ಮ್ಯಾಲ ಉರೀತದ ಅದು!"

ಎಲ್ಲರೂ ಘೊಳ್ಳೆಂದು ನಕ್ಕರು. ಸಿದ್ರಾಮ ತೊಡೆ ತಟ್ಟಿಕೊಂಡ. ಅಪ್ಪನೂ ನಕ್ಕ. ಬಾಗಿಲಲ್ಲಿ ಕಾಕು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಕಾಕಾ ಕಂದೀಲನ್ನು ಎಳೆದು ಪಕ್ಕಕ್ಕೆ ಇಟ್ಟು, "ಖರೇ ಅದ ಅಂತೀನಿ" ಎಂದು ಅಂಗಿ ಬಿಚ್ಚಿದ. ಅಷ್ಟರಲ್ಲಿ ಆಯಿ ಹಗ್ಗ ಹೊತ್ತುಕೊಂಡು ಬಂದಳು.

"ಯಾಕ ನಗಾಕತ್ತೀರಿ? ದೀಪ ಏನಾತು?"

"ನಿನ್ನ ದೀಪ ಅಲ್ಲೇನು ಯವ್ವಾ, ಆರಿತು."

"ಆರಿತಾ? ಹಂಗಾದ್ರ ಇಳೀಬ್ಯಾಡ. ನಾ ಎಣ್ಣಿ ತುಂಬೀನಿ ಇವತ್ತ."

"ಹೌದ್ಹೌದು, ತುಂಬಿ. ಎರಡು ಹನಿ!" ಎಂದ ಸಿದ್ರಾಮ. ಮತ್ತೆ ನಗು. ಆಯಿ ಒಬ್ಬೊಬ್ಬರ ಮುಖ ನೋಡಿದಳು. ನನ್ನನ್ನೂ ನೋಡಿದಳು. ನಾನೂ ನಗುತ್ತಿದ್ದೆ. ಆಯಿ ಮಗನ ಸೊಂಟಕ್ಕೆ ಹಗ್ಗ ಸುತ್ತಿ, ಎರಡು ಗಂಟು ಹಾಕಿ, ಜಗ್ಗಿ ನೋಡಿದಳು. ಕಾಕಾ ನಗುತ್ತಲೇ ಕಟ್ಟಿಸಿಕೊಂಡು ಇಳಿದ.

ಒಂದು ಬುಟ್ಟಿ ಜೋಳ ಮೇಲೆ ಬಂತು. ಎರಡನೆಯದು ಬರಲಿಲ್ಲ. "ಮಾಳಪ್ಪಾ" ಎಂದು ಅಪ್ಪ ಬಗ್ಗಿ ಕರೆದ. ಮತ್ತೊಮ್ಮೆ ಕರೆದಾಗ ಅಪ್ಪನ ದನಿ ನನಗೆ ಗುರುತಾಗಲಿಲ್ಲ. ಹಗ್ಗ ಜಗ್ಗಿದರು. ಕಾಕಾನ ಮೈ ಹಗೇವಿನ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿತು. ಸಿದ್ರಾಮ ಹೊಟ್ಟೆಯ ಮೇಲೆ ಮಲಗಿ ಕೈ ಹಾಕಿ ತೋಳು ಹಿಡಿದ. ಜನ ಎದ್ದುಬಿದ್ದು ಓಡಾಡಿದರು. ಬುಟ್ಟಿಯ ಜೋಳ ಚೆಲ್ಲಿತು. ಯಾರದೋ ಕಾಲು ಬಡಿದು ಕಂದೀಲು ಉರುಳಿ ಗಾಜು ಒಡೆಯಿತು. "ಬೀರದ್ಯಾವ್ರ, ನನ್ನ ಮಗನ್ನ ಕೊಡು" ಎಂದು ಆಯಿ ಹಗ್ಗದ ತುದಿ ಹಿಡಿದು ಎಲ್ಲರ ಸಂಗಡ ಜಗ್ಗುತ್ತಿದ್ದಳು. ಅಂತೂ ಕಾಕಾನನ್ನು ಎಳೆದು ಹಾಕಿದರು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನೀರು ಹೊಡೆದರು, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು, ಎದೆ ತಿಕ್ಕಿದರು. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಅವನು ಒಮ್ಮೆ ದೊಡ್ಡದಾಗಿ ಉಸಿರೆಳೆದು ವಾಂತಿ ಮಾಡಿಕೊಂಡ. ಆದರೆ ಕಣ್ಣು ತೆರೆಯಲಿಲ್ಲ. ಅಪ್ಪ, ಸಿದ್ರಾಮ, ಕಾಕು ಅವನನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಅಕ್ಕಲಕೋಟೆಯ ಡಾಕ್ಟರ ಕಡೆಗೆ ಹೊಡೆದರು.

ಮನೆಯಲ್ಲಿ ಉಳಿದವರು ಆಯಿ ಮತ್ತು ನಾನು. ಆ ಮಧ್ಯಾಹ್ನದಂಥ ಮಧ್ಯಾಹ್ನವನ್ನು ನಾನು ಮತ್ತೆ ಕಂಡಿಲ್ಲ. ಆಯಿ ಅಳಲಿಲ್ಲ. ಓಣಿಯವರಿಂದ ಹಗೇವಿನ ಬಾಯಿಗೆ ಕಲ್ಲು ಮುಚ್ಚಿಸಿ, ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣಿನಲ್ಲಿ ಚೆಲ್ಲಿದ ಜೋಳವನ್ನು ಒಂದೊಂದೇ ಕಾಳು ಆರಿಸತೊಡಗಿದಳು. ಮಗ ಬದುಕುತ್ತಾನೋ ಇಲ್ಲವೋ ಗೊತ್ತಿಲ್ಲ. ಕೈ ಮಾತ್ರ ತನ್ನ ರೂಢಿ ಬಿಡಲಿಲ್ಲ. ರಸ್ತೆಯ ಕಡೆ ಚಕ್ಕಡಿಯ ಸಪ್ಪಳವಾದರೆ ಕೈ ನಿಲ್ಲುತ್ತಿತ್ತು. ಬೇರೆ ಯಾರದೋ ಚಕ್ಕಡಿ ಎಂದು ತಿಳಿದ ಮೇಲೆ ಮತ್ತೆ ಕಾಳು ಹಿಡಿಯುತ್ತಿತ್ತು. ನಾನೂ ಪಕ್ಕದಲ್ಲಿ ಕೂತು ಆರಿಸಿದೆ. ನನ್ನ ಹೆಬ್ಬೆರಳಿಗೆ ಇನ್ನೂ ಚಿಮಣಿ ಎಣ್ಣೆಯ ವಾಸನೆ ಇತ್ತು. ಕಾಕಾ ಸತ್ತರೆ ಕೊಂದವಳು ನಾನು ಎಂದು ನನಗೆ ಖಚಿತವಾಗಿತ್ತು. ಆಯಿ ಬಯ್ದಿದ್ದರೆ ಅಲ್ಲೇ ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. ಅವಳು ಬಯ್ಯಲಿಲ್ಲ.

ಕಾಕಾ ಸಾಯಲಿಲ್ಲ. ಮರುದಿನ ಚಕ್ಕಡಿ ಬಂದಾಗ ಅವನು ಎದ್ದು ಕೂತಿದ್ದ; ತಲೆ ಹಿಡಿದುಕೊಂಡಿದ್ದ, ಮಾತು ಕಡಿಮೆ. ಓಣಿಯೆಲ್ಲ ಅಂಗಳದಲ್ಲಿ ನೆರೆಯಿತು. ಜೀವದ ಭಯ ಹೋದ ಮೇಲೆ ಜನಕ್ಕೆ ತಪ್ಪು ಯಾರದು ಎಂಬ ಪ್ರಶ್ನೆ ಹುಟ್ಟುತ್ತದೆ. ಉತ್ತರ ಆಗಲೇ ಸಿದ್ಧವಿತ್ತು. ಕಂದೀಲಿನಲ್ಲಿ ಎಣ್ಣೆ ಇದ್ದಿದ್ದರೆ, ದೀಪ ಗಾಳಿಗೆ ಆರಿತೋ ಎಣ್ಣೆಯಿಲ್ಲದೆ ಆರಿತೋ ಎಂದು ಗೊತ್ತಾಗುತ್ತಿತ್ತು. ಸಿದ್ರಾಮ ಒಡೆದ ಕಂದೀಲನ್ನು ಎತ್ತಿ ಅಲ್ಲಾಡಿಸಿ ತೋರಿಸಿದ. ಖಾಲಿ. ಉರುಳಿದಾಗ ಬಿರಡೆ ಬಿಚ್ಚಿ ಎಣ್ಣೆಯೆಲ್ಲ ಮಣ್ಣು ಕುಡಿದಿತ್ತು. ಅದನ್ನು ಯಾರೂ ಯೋಚಿಸಲಿಲ್ಲ. ಎರಡು ತಿಂಗಳ ಮದುಮಗಳು ಕಾಕು, ಅಲ್ಲಿಯವರೆಗೆ ಅತ್ತೆಯ ಮುಂದೆ ಬಾಯಿ ತೆರೆಯದವಳು, ಅಳುತ್ತ ಅಂದಳು: "ಎರಡು ಪಳಿ ಎಣ್ಣಿ ಉಳಿಸಾಕ ಹೋಗಿ ನನ್ನ ಕುಂಕುಮ ಅಳಸ್ತಿದ್ರಿ."

ಆಯಿ ಕಂಬಕ್ಕೆ ಒರಗಿ ನಿಂತಿದ್ದಳು. "ನಾ ತುಂಬೀನಿ ಅಂತ ಹೇಳಿಲ್ಲೇನು? ಬಾಯಿತನಕ ತುಂಬೀನಿ. ಈ ಹುಡುಗೀನೇ ಲಾಳಿಕಿ ಹಿಡಿದಿದ್ದಳು. ಹೇಳ ತಂಗಿ, ಎಲ್ಲಾರಿಗೆ ಹೇಳು."

ಅಂಗಳದ ಕಣ್ಣುಗಳೆಲ್ಲ ನನ್ನ ಮೇಲೆ ಬಿದ್ದವು. ಹೌದು ಅಂದರೆ ಮುಂದಿನ ಪ್ರಶ್ನೆ ನನಗೆ ಕಾಣುತ್ತಿತ್ತು: ಗೊತ್ತಿದ್ದರೆ ಹಾಗೇಕೆ ಅಂದೆ? ಕಾಕು ನನ್ನನ್ನು ನೋಡುತ್ತಿದ್ದಳು, ಅಪ್ಪ ನೋಡುತ್ತಿದ್ದ.

"ನಂಗ ನೆಪ್ಪಿಲ್ಲ ಆಯಿ" ಎಂದೆ.

ಆಯಿ ನನ್ನನ್ನು ಎಷ್ಟೋ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋದಳು. ಆ ಅಂಗಳದಲ್ಲಿ ನಿಂತಿದ್ದ ಯಾರಿಗೂ, ಮಗನ ಸೊಂಟಕ್ಕೆ ಹಗ್ಗ ಕಟ್ಟಿದವಳು ಯಾರು ಎಂಬುದು ನೆನಪಾಗಲಿಲ್ಲ.

ಅದೇ ವಾರ ಆಯಿ ಸೊಂಟದ ಚಾವಿ ಗೊಂಚಲು ಬಿಚ್ಚಿ ಕಾಕುವಿನ ಕೈಗೆ ಕೊಟ್ಟಳಂತೆ, "ಇನ್ನ ನೀ ನೋಡ್ಕೋ ಯವ್ವಾ" ಎಂದು. ಕಾಕು ಕೆಟ್ಟವಳಲ್ಲ, ಆದರೆ ಅವಳ ಕೈ ಸಡಿಲು. ರೊಟ್ಟಿಗೆ ಎಣ್ಣೆ ಬಂತು, ಬಂದವರಿಗೆ ಎರಡೆರಡು ಸಲ ಚಹಾ ಬಂತು, ಮನೆಯಲ್ಲಿ ಬೆಳಕು ಹೆಚ್ಚಾಯಿತು. ಮುಂದಿನ ವರ್ಷ ಸೊಲ್ಲಾಪುರಕ್ಕೆ ಬಂದ ಜೋಳ ದೀಪಾವಳಿಗೇ ಮುಗಿಯಿತು. ಅವ್ವ ಮೊದಲ ಸಲ ಪೇಟೆಯ ಜೋಳ ತಂದು, ರೊಟ್ಟಿ ಬಡಿಯುತ್ತ ಕಣ್ಣೊರೆಸಿಕೊಂಡಳು. ಅವಳ ಪಕ್ಕದಲ್ಲಿ ಕೂತು ತಿನ್ನುವಾಗ ನನ್ನ ಒಂದು ಮಾತು ಎಲ್ಲಿಯವರೆಗೆ ಬಂದು ಮುಟ್ಟಿದೆ ಎಂದು ನನಗೆ ತಿಳಿಯಿತು. ಅವ್ವನಿಗೂ ಹೇಳಲಿಲ್ಲ.

ಆ ಮೇಲಿನ ಸೂಟಿಗಳಲ್ಲಿ ನಾನು ಕರಜಗಿಗೆ ಹೋದಾಗಲೆಲ್ಲ ಒಂದು ಹೊಸ ಪದ್ಧತಿ ನಡೆದಿತ್ತು. ಮುಸ್ಸಂಜೆ ಆಯಿ ಹೊಸ ಕಂದೀಲಿಗೆ ಎಣ್ಣೆ ತುಂಬುತ್ತಿದ್ದಳು. ಬಿರಡೆ ಹಾಕುವ ಮುಂಚೆ ಮನೆಯಲ್ಲಿದ್ದ ಯಾರನ್ನಾದರೂ ಕರೆಯುತ್ತಿದ್ದಳು. "ಬಾ, ನೋಡು, ತುಂಬ್ಯದಲ್ಲ?" ಅವರು ಬಗ್ಗಿ ನೋಡಿ ಹೂಂ ಎಂದ ಮೇಲೆಯೇ ಬಿರಡೆ ಹಾಕುವುದು. ಮುದುಕಿಗೆ ಅರಳುಮರಳು ಎಂದು ಎಲ್ಲರೂ ನಗುತ್ತಿದ್ದರು. ನಾನಿದ್ದಾಗ ನನ್ನನ್ನೇ ಕರೆಯುತ್ತಿದ್ದಳು. "ತುಂಬ್ಯದಲ್ಲ ತಂಗಿ?" "ಹೂಂ ಆಯಿ." ಅವಳು ಒಂದು ಗಳಿಗೆ ತಡೆದು ನನ್ನ ಮುಖ ನೋಡುತ್ತಿದ್ದಳು. ನಾನು ಕಂದೀಲು ನೋಡುತ್ತಿದ್ದೆ. ಇಷ್ಟೇ. ಹೀಗೆ ಏಳೆಂಟು ಸೂಟಿ ಹೋದವು. ನನ್ನ ಮದುವೆಯಾದ ವರ್ಷ ಆಯಿ ತೀರಿಕೊಂಡಳು.

ಡ್ರಮ್ಮಿನ ಜೋಳ ಬಾಲ್ಕನಿಯಲ್ಲಿ ಒಣಗುತ್ತಿತ್ತು. ಎರಡು ದಿನ ನನಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ಮಗನಿಗೆ ಹೇಳಿ ಕರಜಗಿಯ ಎಸ್.ಟಿ. ಹತ್ತಿದೆ. "ಏಕಾಏಕಿ ಯಾಕವ್ವ?" ಎಂದು ಅವನು ಕೇಳಿದ. ಕಾಕಾನನ್ನು ನೋಡಬೇಕು ಎಂದೆ. ಕಾಕಾನಿಗೆ ತೊಂಬತ್ತು ಹತ್ತಿರ, ನನಗೇ ಎಪ್ಪತ್ತಾರು. ಇಬ್ಬರಲ್ಲಿ ಯಾರು ಮೊದಲೋ ಎಂಬ ಗಾಬರಿ ದಾರಿಯುದ್ದಕ್ಕೂ ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು.

ಕಾಕಾ ಅಂಗಳದಲ್ಲಿ ಹಗ್ಗ ಹೆಣೆದ ಬಾಜಿನ ಮೇಲೆ ಕೂತಿದ್ದ. ಕಣ್ಣು ಮಂಜು, ಕಿವಿ ಚುರುಕು. ಕುಶಲ ಕೇಳಿದ, ಚಹಾ ತರಿಸಿದ. ಸುತ್ತ ಯಾರೂ ಇಲ್ಲದ ಹೊತ್ತು ನೋಡಿ ನಾನು ಹೇಳಿಯೇಬಿಟ್ಟೆ. ಲಾಳಿಕೆ ಹಿಡಿದದ್ದು, ಎಣ್ಣೆ ಉಕ್ಕಿದ್ದು, ಗೊತ್ತಿದ್ದೂ ಆ ಮಾತು ಅಂದದ್ದು, ನೆನಪಿಲ್ಲ ಎಂದದ್ದು, ಎಲ್ಲ. ಹೇಳುವಾಗ ಒಂಬತ್ತು ವರ್ಷದವಳ ಹಾಗೆ ಅತ್ತೆ.

ಕಾಕಾ ಚಹಾದ ಬಟ್ಟಲು ಕೆಳಗಿಟ್ಟ. ಆಮೇಲೆ, "ಕಂದೀಲು ಇಳಿಸಿದವ ನಾನಽ ಅಲ್ಲೇನು ತಂಗಿ?" ಎಂದ. "ತುಂಬಿದ್ದು ಯಾವುದು, ಖಾಲಿ ಯಾವುದು, ಹಗ್ಗ ಹಿಡಿದ ಕೈಗೆ ತಿಳ್ಯಾಂಗಿಲ್ಲೇನು? ಭಾರ ಇತ್ತದು. ನನಗ ಗೊತ್ತಿತ್ತು."

"ಮತ್ತ ಯಾಕ ಇಳದಿ ಕಾಕಾ?"

"ಎಲ್ಲಾರೂ ನಕ್ಕರಲ್ಲ. ನಿನ್ನ ಕಾಕು ಬಾಗಿಲದಾಗ ನಿಂತು ನೋಡಾಕತ್ತಿದ್ಲು. ಒಲ್ಲೆ ಅಂದ್ರ ಅಂಜಿದ ಅಂತಾರ ಅಂದ್ಕೊಂಡೆ. ಆಮ್ಯಾಲ ಊರೆಲ್ಲ ಯವ್ವಂದೇ ತಪ್ಪು ಅಂತು. ನನ್ನ ಹುಚ್ಚುತನ ಅದರಾಗ ಮುಚ್ಚಿ ಹೋತು. ಸುಮ್ಮ ಉಳದೆ."

"ಆಯಿಗೆ ಹೇಳಲಿಲ್ಲೇನು?"

"ಹೇಳಿದೆ. ಆಕಿ ಕಡೀ ದಿನದಾಗ, ಕಾಲ ಹಿಡಿದು ಹೇಳಿದೆ. ಯವ್ವಾ, ನೀ ತುಂಬಿದ್ದಿ, ನನಗ ಗೊತ್ತಿತ್ತು ಅಂತ. ನಕ್ಕಳು. ನಾ ಅಂದೆ, ಆ ಹುಡುಗೀನ ಕರಸ್ಲೇನು, ಆಕಿ ಬಾಯಾಗೂ ಒಮ್ಮೆ ಕೇಳ್ತಿಯೇನು ಅಂತ." ಕಾಕಾ ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡ. "ಬ್ಯಾಡ ಅಂದ್ಲು. ಆಕಿಗೆ ನೆಪ್ಪದ, ಅಂಜ್ಯಾಳ, ಸಣ್ಣಾಕಿ ಅದಾಳ. ದೊಡ್ಡಾಕಿ ಆದಮ್ಯಾಲ ತಾನಽ ಹೇಳ್ತಾಳ ಅಂದ್ಲು."

ಸಂಜೆಯ ಎಸ್.ಟಿ.ಗೆ ವಾಪಸು ಬಂದೆ. ಬಂದವಳೇ ಚಪ್ಪಲಿ ಬಿಡದೆ ಸೊಸೆಯನ್ನೂ ಮಗನನ್ನೂ ಕರೆದು ಕೂಡಿಸಿಕೊಂಡು ಹೇಳಿದೆ. ಅವರು ಆಯಿಯನ್ನು ಕಂಡವರಲ್ಲ. ಇಷ್ಟು ಹಳೆಯ ಮಾತಿಗೆ ಈಕೆ ಇಷ್ಟೇಕೆ ಒದ್ದಾಡುತ್ತಾಳೆ ಎಂದು ನೋಡಿದರು. ಅವರ ತಪ್ಪೇನಿಲ್ಲ. ಆ ಅಂಗಳದಲ್ಲಿ ನಿಂತು ಕೇಳಿದವರಲ್ಲಿ ಕಾಕಾನನ್ನು ಬಿಟ್ಟರೆ ಈಗ ಯಾರೂ ಉಳಿದಿಲ್ಲ. ಅದಕ್ಕೇ ನಿಮಗೂ ಹೇಳುತ್ತಿದ್ದೇನೆ. ನಾನು ದೊಡ್ಡವಳಾಗಿ ಬಹಳ ವರ್ಷವಾಯಿತು.

ಆಯಿ ಅಂದು ಎಣ್ಣೆ ತುಂಬಿದ್ದಳು. ಬಾಯಿಯವರೆಗೆ ತುಂಬಿದ್ದಳು. ನನಗೆ ನೆನಪಿದೆ.